ಪಕ್ಕದ ಮನೆಯ ಅಮ್ಮನಿಗೆ ಒಂದು ಕಾಂಗಾ

ತುಮಕೂರು

ಟಾಂಜಾನಿಯಾಕ್ಕೆ ಮದುವೆಗೆ ಹೋಗುತ್ತಿದ್ದೇನೆ ಎಂದಾಗ ಬಟವಾಡಿಯ ನಮ್ಮ ಬೀದಿಯಲ್ಲಿ ಯಾರೂ ಮೊದಲ ಸಲಕ್ಕೆ ನಂಬಲಿಲ್ಲ. ಹಾಲಿನವನು "ಅದು ದುಬೈ ಪಕ್ಕದಲ್ಲಿದ್ಯಾ ಅಮ್ಮ?" ಎಂದ. ಚೇಳೂರಿನಿಂದ ನಮ್ಮಣ್ಣ ಫೋನ್ ಮಾಡಿ, "ಬೆಂಗ್ಳೂರ್ ಬಸ್ ಹತ್ತೋಕೇ ಹೆದರ್ತಿದ್ದೋಳು ಈಗ ಆಫ್ರಿಕಾಗೆ ಹೊಂಟವ್ಳೆ" ಎಂದು ನಕ್ಕ. ನಾನು ಹೈಸ್ಕೂಲಿನಲ್ಲಿ ಹೊಲಿಗೆ ಟೀಚರಾಗಿದ್ದು ರಿಟೈರ್ ಆದವಳು. ಯಜಮಾನರಿಗೆ ಮಂಡಿನೋವು, ಅವರು ಬರುವ ಹಾಗಿರಲಿಲ್ಲ. ಒಬ್ಬಳೇ ಹೊರಟಿದ್ದೆ.

"ಅಲ್ವೇ ಸುಧಾ, ನಿಂಗೇನ್ ತಲೆ ಕೆಟ್ಟಿದ್ಯಾ?" ಎಂದು ಪಕ್ಕದ ಮನೆಯ ಗೌರಕ್ಕ ಕಾಂಪೌಂಡ್ ಗೋಡೆಯ ಮೇಲೆ ಮೊಣಕೈ ಊರಿ ಕೇಳಿದರು. "ಜನ ಸಿಂಗಾಪುರಕ್ಕೆ ಹೋಗ್ತಾರೆ, ದುಬೈಗೆ ಹೋಗ್ತಾರೆ. ಆ ಕರಿಯರ ದೇಶಕ್ಕೆ ಯಾರಾದ್ರೂ ಹೋಗ್ತಾರಾ?"

"ಮದುವೆಗೆ ಕರ್ದವ್ಳೆ. ಹೋಗ್ದೆ ಇರೋಕಾಗುತ್ತಾ ಗೌರಕ್ಕ?"

"ಕರ್ದವ್ಳೆ ಅಂತ ಹೊಂಟ್ಬಿಡೋದಾ? ಅಲ್ಲಿ ಏನ್ ತಿಂತೀಯ? ಅವ್ರು ಹಾವು ಗೀವು ಎಲ್ಲಾ ತಿಂತಾರಂತೆ ಕಣೇ."

"ನೀಮಾ ನಮ್ಮನೇಲಿ ನಾಲ್ಕು ವರ್ಷ ಇದ್ಲಲ್ಲ. ಯಾವತ್ತಾದ್ರೂ ಹಾವು ಬೇಯಿಸಿದ್ದು ನೋಡಿದ್ರಾ?"

"ಇಲ್ಲಿ ಸಿಕ್ಕಿರಲ್ಲ ಬುಡು" ಎಂದು ಗೌರಕ್ಕ ತಮ್ಮ ಮಾತಿಗೆ ತಾವೇ ನಕ್ಕರು.

ನೀಮಾ ನಮ್ಮ ಮಹಡಿ ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದ ಹುಡುಗಿ. ಟಾಂಜಾನಿಯಾದಿಂದ ಇಲ್ಲಿಗೆ ಬಿ.ಫಾರ್ಮಾ ಓದಲು ಬಂದಿದ್ದಳು. ನಮಗೆ ಮಕ್ಕಳಿಲ್ಲ. ಮೊದಮೊದಲು ಬಾಡಿಗೆದಾರಳಾಗಿದ್ದವಳು ಯಾವಾಗ ಸಂಜೆಯ ಕಾಫಿಗೆ ಕೆಳಗಿಳಿದು ಬರುವವಳಾದಳೋ ನನಗೆ ನೆನಪಿಲ್ಲ. ಹೊಲಿಗೆ ಮಿಷನ್ನಿನ ಪಕ್ಕ ಕೂತು ಒಂದೊಂದೇ ಕನ್ನಡ ಪದ ಕಲಿತಳು. ಓದು ಮುಗಿಸಿ ಊರಿಗೆ ಹೋಗುವಾಗ ಗೇಟು ಹಿಡಿದುಕೊಂಡು ಅತ್ತಿದ್ದಳು.

ಗೌರಕ್ಕನ ಬಗ್ಗೆಯೂ ಹೇಳಬೇಕು. ಇಲ್ಲದಿದ್ದರೆ ಓದುವವರು ಅವರನ್ನು ತಪ್ಪು ತಿಳಿಯುತ್ತಾರೆ. ನನಗೆ ಗರ್ಭಕೋಶದ ಆಪರೇಷನ್ ಆದಾಗ, ನಾನು ಎದ್ದು ಓಡಾಡುವವರೆಗೂ, ನಮ್ಮಿಬ್ಬರಿಗೆ ಎರಡೂ ಹೊತ್ತು ಊಟ ಬಂದದ್ದು ಅವರ ಅಡುಗೆಮನೆಯಿಂದ. ಮುಂದಿನ ಬಾಗಿಲಿಗೆ ಬಂದವರಲ್ಲ, ಯಾವಾಗಲೂ ಹಿತ್ತಲ ಬಾಗಿಲು. ಬೀದಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಹೋಗಿ ನೆಲ ಗುಡಿಸುವವರು ಅವರೇ. ಅಂಥ ಹೆಂಗಸು ನೀಮಾಳಿಗೆ ಒಂದು ದಿನವೂ ಒಂದು ಲೋಟ ನೀರು ಕೊಟ್ಟವರಲ್ಲ.

ಅವರ ಒಬ್ಬಳೇ ಮಗಳು ರೇಖಾ ಕುಣಿಗಲ್‌ನಲ್ಲಿದ್ದಾಳೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವುದರಿಂದ ಮೊಮ್ಮಗಳು ಪುಟ್ಟಿ ಅಜ್ಜಿಯ ಹತ್ತಿರ ಬೆಳೆಯುತ್ತಿತ್ತು. ಊಟಕ್ಕೆ ಬಹಳ ಹಟ. ಮಧ್ಯಾಹ್ನ ಗೌರಕ್ಕ ಮೆಟ್ಟಿಲ ಮೇಲೆ ಕೂತು, ಮಗುವನ್ನು ತೊಡೆಯ ಮೇಲಿಟ್ಟುಕೊಂಡು ತಿನ್ನಿಸುವಾಗ ನಮ್ಮ ಮಹಡಿಯ ಕಡೆ ಬೆರಳು ತೋರಿಸುತ್ತಿದ್ದರು.

"ತಿನ್ನು ಬೇಗ. ನೋಡಲ್ಲಿ ಗುಮ್ಮ. ಕರಿಯಕ್ಕ ಬಂದ್ಲು, ಹಿಡ್ಕೊಂಡ್ ಹೋಗ್ತಾಳೆ!"

ಮಗು ಗಬಕ್ಕನೆ ಬಾಯಿ ತೆರೆಯುತ್ತಿತ್ತು. ಮೇಲೆ ಬಟ್ಟೆ ಒಣಹಾಕುತ್ತಿದ್ದ ನೀಮಾ ನಗುತ್ತಾ ಕೈ ಬೀಸುತ್ತಿದ್ದಳು. ಅಕ್ಕ ಅನ್ನುವುದೊಂದೇ ಅವಳಿಗೆ ಅರ್ಥವಾಗುತ್ತಿದೆ ಎಂದುಕೊಂಡಿದ್ದೆ.

ನಾನು ಸುಮ್ಮನಿರಲಿಲ್ಲ. "ಗೌರಕ್ಕ, ಅದೊಂದು ಬುಡಿ. ಆ ಹುಡುಗಿ ಕಿವಿಗೆ ಬಿದ್ರೆ ಏನನ್ಕೋತಾಳೆ?" ಎಂದಿದ್ದೆ, ಒಂದಲ್ಲ, ಎರಡು ಮೂರು ಸಲ. "ಮಗೂಗೆ ಊಟ ಮಾಡ್ಸೋಕೆ ಹೇಳಿದ್ದು ಕಣೇ. ಅವ್ಳಿಗೇನ್ ಕನ್ನಡ ಬರುತ್ತಾ?" ಎನ್ನುತ್ತಿದ್ದರು. ಅವರ ಮಟ್ಟಿಗೆ ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಹೊರಡುವ ದಿನ ಬೆಳಗ್ಗೆ ಹಿತ್ತಲ ಬಾಗಿಲಿಂದ ಬಂದು ದಾರಿಗೆಂದು ಚಪಾತಿ, ಚಟ್ನಿಪುಡಿ ಕೊಟ್ಟರು. "ಹುಷಾರಾಗಿ ಬಾರೇ, ನಂಗ್ಯಾರವ್ರೆ ಇಲ್ಲಿ" ಎಂದು ಕಣ್ಣು ಒರೆಸಿಕೊಂಡರು.

ಅಡಿಸ್ ಅಬಾಬಾ

ಇಲ್ಲಿ ವಿಮಾನ ಬದಲಿಸಬೇಕಿತ್ತು. ಅಷ್ಟು ದೊಡ್ಡ ನಿಲ್ದಾಣದಲ್ಲಿ ಸೀರೆ ಉಟ್ಟವಳು ಬಹುಶಃ ನಾನೊಬ್ಬಳೇ. ಬೋರ್ಡು ಓದಿಕೊಂಡು ಒಂದು ದಿಕ್ಕಿಗೆ ಹೋದೆ, ಅದು ಸುತ್ತಿ ಮತ್ತೆ ಅದೇ ಪರ್ಫ್ಯೂಮ್ ಅಂಗಡಿಯ ಮುಂದೆ ತಂದು ನಿಲ್ಲಿಸಿತು. ಇನ್ನೊಂದು ದಿಕ್ಕಿಗೆ ಹೋದೆ, ಮತ್ತೆ ಅದೇ ಅಂಗಡಿ. ಕೈಚೀಲದಲ್ಲಿ ಕಾಫಿಪುಡಿಯ ಪೊಟ್ಟಣ ಒಡೆದು, ನಾನು ಹೋದಲ್ಲೆಲ್ಲ ನಮ್ಮನೆಯ ಬೆಳಗಿನ ವಾಸನೆ.

ನೆಲ ಒರೆಸುತ್ತಿದ್ದ ಹೆಂಗಸೊಬ್ಬಳು ನನ್ನನ್ನು ನೋಡುತ್ತಲೇ ಇದ್ದಳು. ಮೂರನೆಯ ಸಲ ಎದುರಾದಾಗ ಕೋಲು ಗೋಡೆಗೊರಗಿಸಿ, ನನ್ನ ಟಿಕೆಟ್ ಇಸಿದುಕೊಂಡು ನೋಡಿ, ಕೈ ಹಿಡಿದು ಕರೆದುಕೊಂಡು ಹೊರಟಳು. ನಮ್ಮಿಬ್ಬರ ನಡುವೆ ಒಂದೂ ಮಾತಿಲ್ಲ. ಗೇಟಿನ ಕುರ್ಚಿಯಲ್ಲಿ ಕೂರಿಸಿ, ನನ್ನ ಚೀಲ ಮೂಸಿ, ಎದೆ ಮುಟ್ಟಿಕೊಂಡು ನಕ್ಕು, ಹೋದಳು. ಅವರದೂ ಕಾಫಿಯ ದೇಶ ಎಂದು ಆಮೇಲೆ ಹೊಳೆಯಿತು.

ನೀಮಾ ಬಂದ ಹೊಸದರಲ್ಲಿ ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ದಾರಿ ಕೇಳಿದ್ದಳಂತೆ. ಹುಡುಗರು ಸುತ್ತ ನಿಂತು ಅವಳ ಜತೆ ಸೆಲ್ಫಿ ತೆಗೆದುಕೊಂಡರು. ಒಬ್ಬ ಅವಳ ಕೂದಲು ಮುಟ್ಟಿ ನೋಡಿದ. ದಾರಿ ಮಾತ್ರ ಯಾರೂ ಹೇಳಲಿಲ್ಲ. ಅದನ್ನು ಅವಳು ನನಗೆ ತಮಾಷೆಯಂತೆ ಹೇಳಿದ್ದಳು, ನಾನೂ ತಮಾಷೆಯಂತೆ ಕೇಳಿದ್ದೆ. ಗೇಟಿನಲ್ಲಿ ಕೂತಿದ್ದಾಗ ಅದು ತಮಾಷೆ ಅನ್ನಿಸಲಿಲ್ಲ.

ಮುಹೇಜಾ

ದಾರ್ ಎಸ್ ಸಲಾಮ್‌ಗೆ ನೀಮಾ, ಅವಳ ಚಿಕ್ಕಪ್ಪ ಬಂದಿದ್ದರು. ಅಲ್ಲಿಂದ ಇಡೀ ಹಗಲು ಬಸ್ಸು. ಕೆಂಪು ಮಣ್ಣು, ಕತ್ತಾಳೆಯ ತೋಟಗಳು, ಆಮೇಲೆ ತೆಂಗು. ತೆಂಗು ಕಂಡೊಡನೆ ನಾನು ಕಿಟಕಿಗೆ ಅಂಟಿಕೊಂಡೆ. ಚೇಳೂರಿನಲ್ಲಿ ತೆಂಗಿನ ನೆರಳಲ್ಲೇ ಬೆಳೆದವಳು ನಾನು. ಗೊನೆ ನೋಡಿ, ಮರಗಳಿಗೆ ನೀರು ಸಾಲದು ಎಂದೆ. ಚಿಕ್ಕಪ್ಪ ಏನೆಂದಳು ಎಂದು ಕೇಳಿದರು. ನೀಮಾ ಹೇಳಿದಾಗ ಅವರು ಬಸ್ಸಿನವರಿಗೆಲ್ಲ ಅದನ್ನು ಸಾರಿದರು. ಬಸ್ಸೇ ನಕ್ಕಿತು.

ಮುಹೇಜಾ ನಮ್ಮ ಗುಬ್ಬಿಯಷ್ಟಿರಬಹುದಾದ ಊರು. ಅದರ ಹೊರಗೆ ನೀಮಾಳ ಮನೆ. ಅವಳ ತಾಯಿಗೆ ಬೇರೆ ಹೆಸರಿದೆ, ಆದರೆ ಎಲ್ಲರೂ ಕರೆಯುವುದು ಮಾಮಾ ನೀಮಾ ಎಂದು, ನೀಮಾಳ ಅಮ್ಮ ಎಂದರ್ಥ. ನಮ್ಮ ಹಳ್ಳಿಗಳಲ್ಲೂ ಹೀಗೇ. ನಮ್ಮವ್ವನ ಹೆಸರು ನನಗೆ ತಿಳಿದದ್ದೇ ನಾನು ಸ್ಕೂಲಿಗೆ ಸೇರಿದ ಮೇಲೆ.

ಅಲ್ಲಿ ಚಿಕ್ಕವರು ದೊಡ್ಡವರನ್ನು ಕಂಡಾಗ 'ಶಿಕಮೋ' ಎನ್ನಬೇಕು. ನಿಮ್ಮ ಕಾಲು ಹಿಡಿಯುತ್ತೇನೆ ಎನ್ನುವಂಥ ಮಾತು ಅದು. ದೊಡ್ಡವರು 'ಮರಹಬಾ' ಎಂದು ಒಪ್ಪಿಸಿಕೊಳ್ಳಬೇಕು. ನನಗೆ ಮರಹಬಾ ನೆನಪಾಗದೆ, ಶಿಕಮೋ ಎಂದ ಮೊದಲ ಹುಡುಗಿಗೆ ನಾನೂ ಶಿಕಮೋ ಎಂದುಬಿಟ್ಟೆ. ಅಜ್ಜಿಯೊಬ್ಬಳು ಮೊಮ್ಮಗಳ ಕಾಲಿಗೆ ಬಿದ್ದಂತಾಯಿತು. ಆ ಹುಡುಗಿ ಗಾಬರಿಯಾಗಿ ಓಡಿಹೋದಳು.

ಊಟಕ್ಕೆ ಕೂತಾಗ ತಟ್ಟೆಯಲ್ಲಿ ಬೆಳ್ಳಗೆ ಮುದ್ದೆ. ಮೆಕ್ಕೆಜೋಳದ ಹಿಟ್ಟಿನದು, ಉಗಾಲಿ ಅನ್ನುತ್ತಾರೆ. ಪಕ್ಕದಲ್ಲಿ ತೆಂಗಿನ ಹಾಲಲ್ಲಿ ಬೇಯಿಸಿದ ದಂಟಿನ ಸೊಪ್ಪು. ನಾನು ಮಾಂಸ ತಿನ್ನುವುದಿಲ್ಲವೆಂದು ನನಗೆ ಹೊಸ ಪಾತ್ರೆಯಲ್ಲಿ ಬೇರೆ ಅಡುಗೆ. ನಾನು ಮುದ್ದೆ ಮುರಿದು, ಬೆರಳಲ್ಲಿ ಗುಳಿ ಮಾಡಿ, ಸೊಪ್ಪು ತುಂಬಿಕೊಂಡು ಬಾಯಿಗಿಟ್ಟಿದ್ದನ್ನು ಮಾಮಾ ನೀಮಾ ಕಣ್ಣು ಬಿಟ್ಟು ನೋಡಿದರು. ಭಾರತದವರು ಚಮಚ ಕೇಳುತ್ತಾರೆ ಎಂದುಕೊಂಡು ಪಕ್ಕದೂರಿನಿಂದ ಚಮಚ ತರಿಸಿದ್ದರಂತೆ.

ಟಾಂಗಾ

ಮದುವೆಗೆ ಒಂದಷ್ಟು ಸಾಮಾನು ತರಲು ಸಮುದ್ರ ತೀರದ ಟಾಂಗಾ ಪಟ್ಟಣಕ್ಕೆ ನೀಮಾಳ ಜತೆ ಹೋಗಿದ್ದೆ. ಒಂದು ಬಟ್ಟೆ ಅಂಗಡಿಯಲ್ಲಿ ಗಲ್ಲಾದ ಹಿಂದೆ ನಮ್ಮ ಕಡೆಯ ಮುಖದ ಮುದುಕರೊಬ್ಬರಿದ್ದರು. ಗುಜರಾತಿನಿಂದ ಬಂದ ಮನೆತನ, ಅವರ ಮುತ್ತಜ್ಜನ ಕಾಲದಲ್ಲೇ. ನನ್ನ ಸೀರೆ ನೋಡಿ ಅರಳಿದರು. ಹಿಂದಿಯಲ್ಲಿ ಮಾತಾಡಿಸಿ, ಕುರ್ಚಿ ಹಾಕಿಸಿ, ಚಹಾ ತರಿಸಿದರು. ಕುರ್ಚಿ ಒಂದೇ. ನೀಮಾ ನಿಂತೇ ಇದ್ದಳು.

"ಒಬ್ಬರೇ ಬಂದಿದ್ದೀರಾ ಬೆಹೆನ್‌ಜೀ? ಚೀಲ ಜೋಪಾನ. ಇವರನ್ನ ನಂಬಬೇಡಿ. ನಾಲ್ಕು ತಲೆಮಾರಿನಿಂದ ನೋಡ್ತಿದ್ದೇವೆ" ಎಂದರು. ಹಾಗೆನ್ನುವಾಗ ನೀಮಾಳ ಕಡೆಗೂ ನೋಡಲಿಲ್ಲ, ಬಟ್ಟೆಯ ಥಾನು ಮಡಿಸುತ್ತಿದ್ದ ತಮ್ಮ ಕೆಲಸದ ಹೆಂಗಸಿನ ಕಡೆಗೂ ನೋಡಲಿಲ್ಲ. ಆ ಹೆಂಗಸಿಗೆ ಹಿಂದಿ ಅರ್ಥವಾಗುತ್ತಿತ್ತು. ಮಡಿಸುತ್ತಿದ್ದ ಕೈ ಒಮ್ಮೆ ನಿಂತು ಮತ್ತೆ ಮಡಿಸಿತು.

ನನ್ನ ಹಿಂದಿ ಹರಕು. "ನಾನು ಇವಳ ಮನೆಯಲ್ಲೇ ಇರೋದು. ಇವಳ ಮದುವೆಗೇ ಬಂದಿರೋದು" ಎಂದೆ. ಮುದುಕರು ಓಹೋ ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನಾನು ಹುಟ್ಟಿದ್ದು ಇದೇ ಊರಲ್ಲಿ. ಇವರು ಇವತ್ತಿಗೂ ನನ್ನನ್ನ ಹೊರಗಿನವನು ಅಂತಾರೆ" ಎಂದರು. ಅದೂ ಸುಳ್ಳಿರಲಾರದು. ಚಹಾ ಕುಡಿಯಲು ಮನಸ್ಸಾಗಲಿಲ್ಲ. ಅರ್ಧ ಬಿಟ್ಟು ಎದ್ದೆ.

"ಪರವಾಗಿಲ್ಲ ಆಂಟಿ, ಬನ್ನಿ" ಎಂದಳು ನೀಮಾ, ನಾನೇ ಏಟು ತಿಂದವಳೋ ಎಂಬಂತೆ ನನ್ನ ತೋಳು ಹಿಡಿದುಕೊಂಡು. ಅಷ್ಟು ದೂರ ಬಂದರೂ ಗೌರಕ್ಕನ ಮಾತು ನನಗಿಂತ ಮೊದಲೇ ಬಂದು ಅಂಗಡಿಯಲ್ಲಿ ಕೂತಿತ್ತು.

ಮದುವೆಗೆ ಮುಂಚಿನ ದಿನ

ಬೆಳಗ್ಗೆ ಅಂಗಳದ ತುಂಬ ಹೆಂಗಸರು. ಅಕ್ಕಿ ಆರಿಸುವವರು, ಈರುಳ್ಳಿ ಹೆಚ್ಚುವವರು. ನಾನು ಮೋಟು ಕಾಲಿನ ಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದೆ. ನಮ್ಮ ತುರಿಯೋ ಮಣೆಯೇ, ಬೇರೆ ಹೆಸರು.

ಮಾಮಾ ನೀಮಾ ಸೆರಗಿನಂತೆ ಹೊದ್ದ ಬಟ್ಟೆಯಲ್ಲಿ ಕೈ ಒರೆಸಿಕೊಂಡು ನನ್ನೆದುರು ಕೂತರು. ಅವರು ಸ್ವಾಹಿಲಿಯಲ್ಲಿ ಹೇಳುವುದು, ಮಗಳು ಕನ್ನಡಕ್ಕೆ ಇಳಿಸುವುದು.

ಮಗಳು ಇಂಡಿಯಾಕ್ಕೆ ಹೊರಟಾಗ ಊರವರು ಬೇಡವೆಂದಿದ್ದರಂತೆ. ಅಲ್ಲಿ ನಮ್ಮ ಮಕ್ಕಳನ್ನು ಬೀದಿಯಲ್ಲಿ ಹೊಡೆಯುತ್ತಾರೆ ಎಂದು ಫೋನಿನಲ್ಲಿ ವಿಡಿಯೋ ತೋರಿಸಿದ್ದರಂತೆ. ತಾಯಿಗೆ ನಿದ್ದೆಯೇ ಇರಲಿಲ್ಲ. ಆಮೇಲೆ ಮಗಳು ಫೋನ್ ಮಾಡಿ ಹೇಳತೊಡಗಿದಳು: ಕೆಳಗಿನ ಮನೆಯಲ್ಲೊಬ್ಬ ಅಮ್ಮ ಇದ್ದಾರೆ, ಪಕ್ಕದ ಮನೆಯಲ್ಲೂ ಒಬ್ಬ ಅಮ್ಮ ಇದ್ದಾರೆ. ಪಕ್ಕದ ಅಮ್ಮ ದಿನಾ ಮಧ್ಯಾಹ್ನ ಮೊಮ್ಮಗಳನ್ನು ಎತ್ತಿಕೊಂಡು ಮೆಟ್ಟಿಲ ಮೇಲೆ ಕೂರುತ್ತಾರೆ. ನನ್ನ ಕಡೆ ಕೈ ತೋರಿಸಿ ಮಗುವಿಗೆ ಅಕ್ಕ, ಅಕ್ಕ ಎಂದು ಹೇಳುತ್ತಾರೆ. ನನ್ನನ್ನು ನೋಡಿದರೆ ಮಗು ಊಟ ಮಾಡುತ್ತದೆ.

"ಅವತ್ತಿಂದ ನಾನು ನಿದ್ದೆ ಮಾಡಿದೆ ಅಂತಾರೆ ಅಮ್ಮ" ಎಂದಳು ನೀಮಾ. ನನ್ನ ಮುಖ ನೋಡದೆ ಹೇಳಿದಳು. "ಪಕ್ಕದ ಮನೆ ಅಮ್ಮನ್ನ ನೋಡ್ಬೇಕಂತೆ. ಫೋನ್ ಮಾಡಿ ಅಂತಾರೆ."

ಏನಾದರೂ ನೆಪ ಹೇಳಬಹುದಿತ್ತು. ಹೊಳೆಯಲಿಲ್ಲ. ಅಷ್ಟರಲ್ಲಿ ಐದಾರು ಹೆಂಗಸರು ಸುತ್ತ ಬಂದು ನಿಂತಿದ್ದರು. ವಿಡಿಯೋ ಕಾಲ್ ಮಾಡಿದೆ. ನಮ್ಮೂರಲ್ಲಿ ಆಗ ಮಧ್ಯಾಹ್ನದ ಊಟದ ಹೊತ್ತು.

"ಏನೇ ಸುಧಾ! ಇನ್ನೂ ಜೀವಂತ ಇದೀಯಾ? ನಿನ್ನೇ ಬೇಯಿಸ್ಕೊಂಡ್ ತಿಂದ್ರು ಅನ್ಕೊಂಡಿದ್ದೆ" ಎಂದು ಗೌರಕ್ಕ ದೊಡ್ಡದಾಗಿ ನಕ್ಕರು. ನಗು ಕಂಡು ಸುತ್ತಲಿನ ಹೆಂಗಸರೂ ನಕ್ಕರು. ಅವರಲ್ಲಿ ಕನ್ನಡ ಅರ್ಥವಾದವಳು ನೀಮಾ ಒಬ್ಬಳೇ.

ಮಾಮಾ ನೀಮಾ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಅಸಾಂತೆ ಮಾಮಾ, ಅಸಾಂತೆ ಸಾನಾ" ಎಂದರು, ತುಂಬ ಉಪಕಾರವಾಯಿತು ಎಂದು. ಕಣ್ಣಲ್ಲಿ ನೀರು.

"ಇವಳ್ಯಾರೇ? ಯಾಕ್ ಅಳ್ತಾವ್ಳೆ?"

ನಾನು ಉತ್ತರ ಕೊಡುವಷ್ಟರಲ್ಲಿ ಗೌರಕ್ಕನ ತೊಡೆಯ ಮೇಲಿದ್ದ ಪುಟ್ಟಿ ಪರದೆಯೊಳಗೆ ಬಗ್ಗಿತು. ಅದಕ್ಕೆ ಕಂಡದ್ದು ಪರದೆಯ ತುಂಬ ಮಾಮಾ ನೀಮಾರ ಮುಖ, ಪಕ್ಕದಲ್ಲಿ ನೀಮಾಳದು. ಮಗುವಿನ ಕಣ್ಣು ದೊಡ್ಡವಾದವು. ಕಿಟಾರನೆ ಕಿರುಚಿ ಅಜ್ಜಿಯ ಕತ್ತು ತಬ್ಬಿಕೊಂಡಿತು.

"ತಿಂತೀನಿ ಅಜ್ಜಿ, ತಿಂತೀನಿ, ತಿಂತೀನಿ!"

ಹಾಗೆನ್ನುತ್ತಲೇ ಬಾಯಿ ಆ ಎಂದು ತೆರೆದು ಹಿಡಿದುಕೊಂಡಿತು. ಬಾಯೊಳಗೆ ತುತ್ತಿರಲಿಲ್ಲ, ಅಜ್ಜಿಯ ಕೈಯಲ್ಲೂ ಇರಲಿಲ್ಲ. ಸುಮ್ಮನೆ ತೆರೆದ ಬಾಯಿ, ಕೆನ್ನೆಯ ಮೇಲೆ ನೀರು.

"ನೋಡು ಹೆಂಗ್ ಬಾಯ್ ಬಿಟ್ಲು" ಎಂದ ಗೌರಕ್ಕನ ನಗು ಅರ್ಧಕ್ಕೆ ನಿಂತಿತು.

ಮಗು ಏನಂತು ಎಂದು ಮಾಮಾ ನೀಮಾ ಮಗಳನ್ನು ಕೇಳಿದರು. ನೀಮಾ ಏನೋ ಹೇಳಿದಳು. ತಾಯಿ ಎರಡೂ ಕೈ ತಟ್ಟಿ, ಹೆಂಗಸರ ಕಡೆ ತಿರುಗಿ ಅದನ್ನೇ ಮತ್ತೆ ಹೇಳಿದರು. ಎಲ್ಲರೂ ಮೆಚ್ಚಿ ತಲೆದೂಗಿದರು.

ಫೋನಿಟ್ಟ ಮೇಲೆ ಕೇಳಿದೆ. "ಏನ್ ಹೇಳ್ದೆ ಅಮ್ಮಂಗೆ?"

"ನನ್ನ ನೋಡಿದ ಕೂಡ್ಲೆ ಊಟ ಮಾಡ್ತೀನಿ ಅಂತಾಳೆ, ಮರೆತಿಲ್ಲ ಅಂತ ಹೇಳ್ದೆ" ಎಂದಳು.

ನಾನು ಕಾಯಿ ತುರಿಯುವುದನ್ನು ಮುಂದುವರಿಸಿದೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ. ಹೆಂಗಸರು ಚದುರಿದ ಮೇಲೆ ಅವಳು ಬಂದು ಪಕ್ಕದಲ್ಲಿ ಕೂತಳು.

"ನಿಂಗೆ ಎಲ್ಲಾ ಗೊತ್ತಿತ್ತಾ ನೀಮಾ?"

"ಕರಿ ಅಂದ್ರೆ ಮೊದಲ ತಿಂಗಳೇ ಗೊತ್ತಾಯ್ತು. ನೀವೇ ಹೇಳ್ಕೊಟ್ಟಿದ್ದು ಆಂಟಿ. ಕರಿಬೇವು ಅಂದ್ರೆ ಏನು ಅಂತ ಕೇಳ್ದಾಗ ಕಪ್ಪು ಬೇವು ಅಂದ್ರಿ." ಅವಳು ಚಿಪ್ಪೊಂದನ್ನು ಕೈಯಲ್ಲಿ ತಿರುಗಿಸುತ್ತಿದ್ದಳು. "ಗುಮ್ಮ ಮಾತ್ರ ಗೊತ್ತಾಗ್ಲಿಲ್ಲ. ಫೋನಲ್ಲಿ ಹುಡುಕ್ದೆ, ಗೂಬೆ ಅಂತ ಬಂತು. ಕ್ಲಾಸಲ್ಲಿ ಒಬ್ಬಳನ್ನ ಕೇಳ್ದೆ. ಅವಳು ನಕ್ಕಳು, ಹೇಳ್ಲಿಲ್ಲ. ಆಗ ಗೊತ್ತಾಯ್ತು."

"ಮತ್ತೆ ದಿನಾ ಕೈ ಬೀಸ್ತಿದ್ಯಲ್ಲೇ!"

"ಮಗು ಅಲ್ವಾ ಆಂಟಿ. ದಿನಾ ನೋಡಿ ನೋಡಿ ಹೆದರಿಕೆ ಹೋಗುತ್ತೆ ಅಂತ." ಸ್ವಲ್ಪ ತಡೆದು, "ಹೋಗ್ಲಿಲ್ಲ" ಎಂದಳು. ಆಮೇಲೆ ನನ್ನ ಮೊಣಕೈ ಮುಟ್ಟಿ, "ಅಮ್ಮಂಗೆ ಹೇಳ್ಬೇಡಿ" ಎಂದಳು.

ಮದುವೆ

ಮದುವೆ ಚೆನ್ನಾಗಿ ಆಯಿತು. ನನ್ನನ್ನು ಮುಂದಿನ ಸಾಲಿನಲ್ಲಿ, ತಾಯಿಯ ಪಕ್ಕ ಕೂರಿಸಿದರು. ಉಡುಗೊರೆ ಕೊಡಲು ಅಲ್ಲಿ ಸುಮ್ಮನೆ ನಡೆದು ಹೋಗುವಂತಿಲ್ಲ, ಕುಣಿಯುತ್ತಾ ಹೋಗಬೇಕು. ನಾನು ತಂದ ರೇಷ್ಮೆ ಸೀರೆ ಹಿಡಿದುಕೊಂಡು ಅತ್ತ ನಾಲ್ಕು ಹೆಜ್ಜೆ ಇತ್ತ ನಾಲ್ಕು ಹೆಜ್ಜೆ ಹಾಕಿದೆ, ನೆರಿಗೆ ತುಳಿದು ಬೀಳುವುದು ತಪ್ಪಿತು. 'ಮಾಮಾ ತುಮಕೂರು' ಎಂದು ಎಲ್ಲರೂ ಕೂಗಿದರು. ನಮ್ಮೂರ ಹೆಸರನ್ನು ಬೆಂಗಳೂರಿನವರು ಟುಮ್ಕೂರ್ ಎಂದು ಮುರಿಯುತ್ತಾರೆ. ಇವರ ಬಾಯಲ್ಲಿ ಒಂದು ಸ್ವರವೂ ಕಳೆಯದೆ ಬಂತು. ನಗಬೇಕಾದ ಹೊತ್ತು, ಎಲ್ಲರ ಜತೆ ನಕ್ಕೆ. ಕಣ್ಣ ಮುಂದೆ ಮಾತ್ರ ಆ ತೆರೆದ ಬಾಯಿ.

ಹೊರಡುವ ದಿನ ಮಾಮಾ ನೀಮಾ ಒಂದು ಜೋಡಿ ಕಾಂಗಾ ತಂದರು. ಕಾಂಗಾ ಅಲ್ಲಿನ ಹೆಂಗಸರು ಉಡುವ, ಹೊದೆಯುವ, ಮಗು ಕಟ್ಟಿಕೊಳ್ಳುವ ಬಟ್ಟೆ. ಒಂದೇ ಬಗೆಯ ಎರಡು ತುಂಡು ಸೇರಿ ನೇಯ್ದಿರುತ್ತದೆ, ಅಂಚಿನಲ್ಲಿ ಒಂದು ಮಾತು ಅಚ್ಚು ಹಾಕಿರುತ್ತಾರೆ. ಹಳದಿ ನೆಲ, ಕೆಂಪು ಹೂವು. ಇದರ ಅಂಚಿನಲ್ಲಿದ್ದದ್ದು ತಾಯಿಯಂಥವರು ಯಾರಿದ್ದಾರೆ ಎಂಬ ಮಾತು. ಅವರು ನನ್ನ ಕೈಗೆ ಕತ್ತರಿ ಕೊಟ್ಟರು. ನಾನು ಹೊಲಿಗೆಯವಳೆಂದು ಮಗಳು ಹೇಳಿದ್ದಳಂತೆ. ನಡುವೆ ನೇರವಾಗಿ ಕತ್ತರಿಸಿದೆ.

ಒಂದು ತುಂಡನ್ನು ನನ್ನ ಹೆಗಲಿಗೆ ಹಾಕಿದರು. ಇನ್ನೊಂದನ್ನು ಮಡಿಸಿ ನನ್ನ ಕೈಯಲ್ಲಿಟ್ಟರು. ಅನುವಾದ ಬೇಕಾಗಲಿಲ್ಲ.

ಮತ್ತೆ ತುಮಕೂರು

ಬಂದ ಬೆಳಗ್ಗೆಯೇ ಹಿತ್ತಲ ಬಾಗಿಲು ತಟ್ಟಿತು. ಗೌರಕ್ಕ ಮುದ್ದೆ, ಬಸ್ಸಾರು ಹಿಡಿದುಕೊಂಡು ನಿಂತಿದ್ದರು. "ಸೊರಗಿ ಹೋಗಿದೀಯ ಕಣೇ. ಅಲ್ಲೇನ್ ತಿಂದ್ಯೋ ಏನೋ. ಕೂತ್ಕೋ, ಮೊದ್ಲು ಉಣ್ಣು." ನಾನು ಉಂಡೆ.

ಉಂಡು ಕೈ ತೊಳೆದು ಬಟ್ಟೆ ತಂದು ಕೊಟ್ಟೆ. "ನೀಮನ ಅಮ್ಮ ಕೊಟ್ಟಿದ್ದು. ನಿಮಗೆ."

ಗೌರಕ್ಕ ಒಂದು ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದೆತ್ತಿದರು. "ನಂಗ್ಯಾಕೆ? ತೊಳ್ದಿದ್ದಾರೇನೇ ಇದ್ನ?"

"ಹೊಸಾದು. ನೀವು ಅವರ ಮಗಳನ್ನ ನಾಲ್ಕು ವರ್ಷ ಚೆನ್ನಾಗ್ ನೋಡ್ಕೊಂಡ್ರಿ ಅಂತ ಕೊಟ್ಟಿದ್ದು."

"ನಾನಾ?"

ಆಗ ಎಲ್ಲವನ್ನೂ ಹೇಳಿದೆ. ಮಗಳು ತಾಯಿಗೆ ಹೇಳಿದ್ದು, ತಾಯಿ ನಿದ್ದೆ ಮಾಡಿದ್ದು, ಕರಿಬೇವಿನ ವಿಷಯ, ಗುಮ್ಮನ ಅರ್ಥ ಹುಡುಕಿದ್ದು. "ಅವಳಿಗೆ ಎಲ್ಲಾ ಗೊತ್ತಿತ್ತು ಗೌರಕ್ಕ. ಗೊತ್ತಿದ್ದೂ ಕೈ ಬೀಸ್ತಿದ್ಲು, ಪುಟ್ಟಿ ಹೆದರಬಾರ್ದು ಅಂತ."

ಗೌರಕ್ಕ ಬಟ್ಟೆಯನ್ನು ಕುರ್ಚಿಯ ಮೇಲಿಟ್ಟರು.

"ಅಂದ್ರೆ ನಾನ್ ಕೆಟ್ಟೋಳು ಅಂತೀಯಾ?"

"ಹಂಗಂದ್ನಾ?"

"ಮತ್ತಿನ್ನೇನು? ನಾಕ್ ದಿನ ಫಾರಿನ್‌ಗೆ ಹೋಗ್ಬಂದು ನಂಗೆ ಬುದ್ಧಿ ಹೇಳೋಳಾದ್ಯಾ? ನಿಂಗ್ ಆಪ್ರೇಷನ್ ಆದಾಗ ಯಾರೇ ಬಂದಿದ್ದು? ಆ ಕರಿಯವ್ಳು ಬಂದಿದ್ಲಾ?"

"ನೀವು ಬಂದಿದ್ರಿ. ಅದಕ್ಕೇ ಹೇಳ್ತಿರೋದು. ಅಷ್ಟು ಒಳ್ಳೇವ್ರು ಆ ಹುಡುಗೀಗೆ ಮಾತ್ರ ಯಾಕಿಂಗೆ?"

"ಕಪ್ಪಗಿರೋರನ್ನ ಕಪ್ಪಗವ್ರೆ ಅಂದ್ರೆ ತಪ್ಪಾ? ಇರೋದನ್ನ ಹೇಳಿದ್ದಪ್ಪ!"

ಇಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಲಿಲ್ಲ. ಬಾಯಿಂದ ಬಂತು: "ಗುಬ್ಬಿಯೋರು ರೇಖಾನ ನೋಡ್ಕೊಂಡ್ ಹೋಗಿ ಏನಂದ್ರು ಗೌರಕ್ಕ? ಅವರೂ ಇರೋದನ್ನೇ ಹೇಳಿದ್ದು."

ರೇಖಾಳಿಗೆ ಮೊದಲು ಬಂದಿದ್ದು ಗುಬ್ಬಿಯ ಕಡೆಯ ಸಂಬಂಧ. ಬಂದವರು ಕೇಸರಿಬಾತು, ಉಪ್ಪಿಟ್ಟು ತಿಂದು ನಗುನಗುತ್ತಾ ಹೋದರು. ಮಾರನೆಯ ದಿನ ಮಧ್ಯಸ್ಥಗಾರರ ಕೈಲಿ ಹೇಳಿ ಕಳಿಸಿದರು, ಹುಡುಗಿಯ ಬಣ್ಣ ಸ್ವಲ್ಪ ಕ‌ಮ್ಮಿಯಾಯಿತು ಎಂದು. ಗೌರಕ್ಕ ಇದೇ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಿದ್ದರು. ಮಗಳ ಮುಂದೆ ಅಳಬಾರದೆಂದು ಇಲ್ಲಿಗೆ ಬಂದು ಅತ್ತಿದ್ದರು. ಅದು ನಮ್ಮಿಬ್ಬರ ನಡುವೆ ಉಳಿಯಬೇಕಾದ ಮಾತಾಗಿತ್ತು.

ಗೌರಕ್ಕ ಬಸ್ಸಾರಿನ ಪಾತ್ರೆಯನ್ನು ತೊಳೆಯಲೂ ಬಿಡದೆ ಎತ್ತಿಕೊಂಡರು. "ಇದನ್ನ ಇಷ್ಟ್ ವರ್ಷ ಇಟ್ಕೊಂಡಿದ್ಯಾ ಮನ್ಸಲ್ಲಿ" ಎಂದರು. ಜಗಳದ ದನಿಯಲ್ಲ. ಹಿತ್ತಲ ಬಾಗಿಲಿಂದಲೇ ಹೋದರು. ಬಟ್ಟೆ ಕುರ್ಚಿಯ ಮೇಲೆ ಉಳಿಯಿತು.

ಅದೇ ವಾರ ಪುಟ್ಟಿಯನ್ನು ಕರೆದುಕೊಂಡು ಮಗಳ ಮನೆಗೆ ಹೋದರು ಎಂದು ಎದುರು ಮನೆಯವರು ಹೇಳಿದರು. ನನಗೆ ಹೇಳದೆ ಅವರು ಊರು ಬಿಟ್ಟದ್ದು ಅದೇ ಮೊದಲು.

ಕುಣಿಗಲ್

ತುಂಬ ದಿನ ಕಾದೆ. ಬರಲಿಲ್ಲ. ಒಂದು ಭಾನುವಾರ ಬಟ್ಟೆಯನ್ನು ಚೀಲಕ್ಕೆ ಹಾಕಿಕೊಂಡು ಹೆಬ್ಬೂರಿನ ಮೇಲೆ ಹೋಗುವ ಬಸ್ಸು ಹತ್ತಿದೆ. ಸಮುದ್ರ ದಾಟಿ ಹೋದಾಗ ಇಲ್ಲದ ಅಳುಕು ಈ ದಾರಿಯಲ್ಲಿತ್ತು. ಎರಡು ಸಲ ಇಳಿದು ವಾಪಸ್ ಹೋಗಿಬಿಡೋಣ ಅನ್ನಿಸಿತು.

ಬಾಗಿಲು ತೆರೆದದ್ದು ರೇಖಾ. ನನ್ನನ್ನು ಒಳಗೆ ಕರೆಯುವ ಮುಂಚೆ ಬಾಗಿಲನ್ನು ಹಿಂದಕ್ಕೆ ಎಳೆದುಕೊಂಡು ಹೊರಗೆ ಬಂದಳು.

"ಅಮ್ಮ ಎಲ್ಲಾ ಹೇಳಿದ್ರು ಆಂಟಿ. ಪುಟ್ಟಿಗೆ ಹಂಗೆ ಹೆದರಿಸ್ತಿದ್ದಿದ್ದು ನಂಗೆ ಗೊತ್ತೇ ಇರ್ಲಿಲ್ಲ. ಇಲ್ಲಿ ಸ್ಕೂಲಿಗೆ ಸೇರಿಸಿದೀವಿ, ಕ್ಲಾಸಲ್ಲಿ ಒಂದು ಕಪ್ಪಗಿರೋ ಮಗು ಪಕ್ಕ ಕೂರಲ್ಲ ಅಂತಾಳೆ. ಮಿಸ್ ಕರ್ದು ಹೇಳಿದ್ರು." ಅವಳು ನೆಲ ನೋಡಿದಳು. "ಆದ್ರೆ ನನ್ನ ವಿಷಯ ಎತ್ಬಾರ್ದಿತ್ತು ಆಂಟಿ ನೀವು. ಅಮ್ಮ ಅದನ್ನ ನನ್ ಹತ್ರಾನೇ ಯಾವತ್ತೂ ಹೇಳಿರ್ಲಿಲ್ಲ. ಜಾತಕ ಕೂಡ್ಲಿಲ್ಲ ಅಂತ ಹೇಳಿದ್ರು."

ಅವಳು ಬಾಗಿಲು ತೆರೆದಳು.

ಗೌರಕ್ಕ ನಡುಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದರು. ನನ್ನನ್ನು ಕಂಡು ಎದ್ದರು. "ಬನ್ನಿ. ಕೂತ್ಕೊಳಿ" ಎಂದರು.

ಇಷ್ಟು ವರ್ಷದಲ್ಲಿ ಅವರು ನನ್ನನ್ನು ನೀವು ಎಂದದ್ದಿಲ್ಲ. ಒಳಗೆ ಹೋಗಿ ಕಾಫಿ ತಂದರು, ಟ್ರೇಯಲ್ಲಿ, ಕಪ್-ಸಾಸರಿನಲ್ಲಿ, ಪಕ್ಕದಲ್ಲಿ ಬಿಸ್ಕತ್ತು ಜೋಡಿಸಿ. ಬೀಗರಿಗೆ ಕೊಡುವ ಹಾಗೆ.

"ಗೌರಕ್ಕ, ರೇಖಾನ ಮಾತು ನಾನು ಆಡಬಾರ್ದಿತ್ತು" ಎಂದೆ. "ನೀಮನ ಮಾತು ಆಡಿದ್ದಕ್ಕೆ ನಂಗೆ ಬೇಜಾರಿಲ್ಲ. ಅದು ಮಾತ್ರ ತಪ್ಪಾಯ್ತು."

ಅವರು ಮತ್ತೆ ಸೊಪ್ಪು ಬಿಡಿಸತೊಡಗಿದರು. ಪುಟ್ಟಿ ಒಳಗಿನಿಂದ ಬಂದು ನನ್ನ ಚೀಲಕ್ಕೆ ಕೈ ಹಾಕಿ ಹಳದಿ ಬಟ್ಟೆ ಎಳೆಯಿತು. ಹೊದ್ದುಕೊಂಡು, ನೆಲದ ಮೇಲೆ ಎಳೆಯುತ್ತಾ ಓಡಾಡಿತು. ಯಾರು ಕೊಟ್ಟದ್ದೆಂದು ಅದಕ್ಕೆ ಯಾರೂ ಹೇಳಲಿಲ್ಲ. ಗೌರಕ್ಕ ನೋಡುತ್ತಾ ಕೂತರು. ಆಮೇಲೆ ಮಗುವಿನ ಮೈಯಿಂದ ಅದನ್ನು ಬಿಡಿಸಿಕೊಂಡು, ಮಡಿಸಿ, ಸೊಪ್ಪಿನ ಮೊರದ ಪಕ್ಕ ಇಟ್ಟುಕೊಂಡರು.

"ಆ ಹುಡುಗಿಗೆ ಗೊತ್ತಿತ್ತು ಅಂದ್ರಿ" ಎಂದರು ಕೊನೆಗೆ. "ಅವಳಮ್ಮಂಗೆ?"

"ಗೊತ್ತಿಲ್ಲ."

"ಹೇಳ್ಬೇಡಿ."

ಅಷ್ಟೇ ಮಾತು. ನಾಚಿಕೆಗೆ ಹೇಳಿದರೋ, ಆ ತಾಯಿಯ ನಿದ್ದೆ ಉಳಿಯಲಿ ಎಂದು ಹೇಳಿದರೋ, ಅವರ ಮುಖದಲ್ಲಿ ತಿಳಿಯಲಿಲ್ಲ. ಬಾಗಿಲವರೆಗೆ ಬಂದು ಕಳಿಸಿದರು. ಬಸ್ ಸ್ಟ್ಯಾಂಡಿಗೆ ಒಬ್ಬಳೇ ನಡೆದೆ.

ಈಗ ಗೌರಕ್ಕ ತುಮಕೂರಿಗೆ ವಾಪಸ್ ಬಂದಿದ್ದಾರೆ, ಮಗು ಬಂದಿಲ್ಲ. ನೀರು ಬಂತಾ, ಕಸದ ಗಾಡಿ ಹೋಯ್ತಾ ಎಂದು ಗೋಡೆಯ ಆಚೆಯಿಂದ ಕೇಳುತ್ತಾರೆ, ನೀವು ಎಂದೇ ಕೇಳುತ್ತಾರೆ. ನಾನು ಹಿತ್ತಲ ಚಿಲಕ ಹಾಕುವುದಿಲ್ಲ. ಯಾರೂ ಬರುವುದಿಲ್ಲ.

ಮಾಮಾ ನೀಮಾ ಆಗಾಗ ಮಗಳ ಕೈಲಿ ಫೋನ್ ಮಾಡಿಸುತ್ತಾರೆ. ಮೊನ್ನೆಯೂ ಮಾಡಿಸಿದ್ದರು. ಯಜಮಾನರ ಮಂಡಿ ಹೇಗಿದೆ, ನಮ್ಮೂರ ತೆಂಗಿನ ಮರ ಹೇಗಿವೆ ಎಂದೆಲ್ಲ ಕೇಳಿ, ಪಕ್ಕದ ಮನೆಯ ಅಮ್ಮ ಆ ಕಾಂಗಾ ಉಟ್ಟರೇ, ಚೆನ್ನಾಗಿ ಕಂಡಿತೇ ಎಂದು ಕೇಳಿದರು.

"ಉಟ್ರು ಅಂತ ಹೇಳು. ಚೆನ್ನಾಗ್ ಕಾಣ್ತಿತ್ತು" ಎಂದೆ.

ನೀಮಾ ಅವರಮ್ಮನಿಗೆ ಹಾಗೇ ಹೇಳಿದಳು.